ಸಣ್ಣ ತಳಿ ನಾಯಿಗಳ ತೂಕ ಇಳಿಕೆ

ಸಣ್ಣ ತಳಿ ನಾಯಿಗಳ ತೂಕ ಇಳಿಕೆ ಎಂದರೆ, ಬೆಳೆದ ಮೇಲೆ ಸುಮಾರು 10 ಕಿಲೋ ಒಳಗೆ ತೂಗಬೇಕಾದ ಸಾಕುನಾಯಿಯ ಮೈಯಲ್ಲಿ ಸೇರಿದ ಹೆಚ್ಚಿನ ಕೊಬ್ಬನ್ನು, ಸ್ನಾಯು ಸವೆಯದಂತೆ ನೋಡಿಕೊಂಡು, ಅಳೆದ ಆಹಾರ, ಹದವಾದ ನಡಿಗೆ ಮತ್ತು ಕ್ರಮವಾದ ತೂಕದ ದಾಖಲೆಯಿಂದ ಕರಗಿಸುವ ಪಶುವೈದ್ಯಕೀಯ ಕ್ರಮ. ಪಗ್, ಸ್ಪಿಟ್ಜ್, ಪೊಮೆರೇನಿಯನ್, ಡ್ಯಾಷ್‌ಹುಂಡ್, ಶಿಟ್ಜು, ಲಾಸಾ ಆಪ್ಸೊ, ಚಿವಾವಾ ಮುಂತಾದ ತಳಿಗಳು ಇದರ ವ್ಯಾಪ್ತಿಗೆ ಬರುತ್ತವೆ. ಇವುಗಳ ದಿನದ ಆಹಾರದ ಅಗತ್ಯ ತೀರ ಚಿಕ್ಕದು. ಆದ್ದರಿಂದ ಮನುಷ್ಯರ ಕಣ್ಣಿಗೆ ಒಂದು ತುತ್ತು ಎನಿಸುವ ತಿನಿಸೇ ಇವುಗಳ ತೂಕವನ್ನು ಏರಿಸಲು ಸಾಕಾಗುತ್ತದೆ. ಈ ಲೇಖನವು ವಿಷಯವನ್ನು ಸಾಮಾನ್ಯವಾಗಿ ವಿವರಿಸುತ್ತ, ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನ ಐಗಳಿ ಮತ್ತು ಸುತ್ತಲಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ ಸೀಮೆಯ ಆಹಾರ, ಹವೆ ಮತ್ತು ಸೌಲಭ್ಯಗಳಿಗೆ ಅದನ್ನು ಅನ್ವಯಿಸುತ್ತದೆ.

ಪರಿಭಾಷೆ

ಅಧಿಕ ತೂಕ: ನಾಯಿಯ ತೂಕ ಅದರ ಆದರ್ಶ ತೂಕಕ್ಕಿಂತ ಶೇ. 10ರಿಂದ 20ರಷ್ಟು ಹೆಚ್ಚಿರುವ ಸ್ಥಿತಿ.

ಬೊಜ್ಜು: ತೂಕ ಆದರ್ಶ ತೂಕಕ್ಕಿಂತ ಶೇ. 20ನ್ನು ಮೀರಿ ಹೆಚ್ಚಿರುವ ಸ್ಥಿತಿ. ಕೆಲವು ವೈದ್ಯಕೀಯ ಸಂಸ್ಥೆಗಳು ಶೇ. 30ನ್ನು ಗಡಿಯಾಗಿ ಇಟ್ಟುಕೊಂಡಿವೆ.

ಗುರಿತೂಕ: ಚಿಕಿತ್ಸೆಯ ಕೊನೆಗೆ ನಾಯಿ ತಲುಪಬೇಕಾದ ತೂಕ. ತಳಿಯ ಪಟ್ಟಿಯಲ್ಲಿರುವ ಸರಾಸರಿಗಿಂತ ಆ ನಾಯಿಯ ಮೂಳೆಗಾತ್ರ ಮತ್ತು ದೇಹಸ್ಥಿತಿಯೇ ಇದಕ್ಕೆ ಮುಖ್ಯ ಆಧಾರ.

ದೇಹಸ್ಥಿತಿ ಅಂಕ: ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಮೈಕೊಬ್ಬನ್ನು ಅಂದಾಜಿಸುವ 1ರಿಂದ 9ರವರೆಗಿನ ಅಂಕಪಟ್ಟಿ.

ವಿಶ್ರಾಂತಿ ಶಕ್ತಿ ಅಗತ್ಯ: ನಾಯಿ ಸುಮ್ಮನೆ ಮಲಗಿದ್ದಾಗಲೂ ಉಸಿರು, ರಕ್ತಸಂಚಾರ, ಮೈಬಿಸಿ ಇತ್ಯಾದಿಗಳಿಗೆ ದಿನಕ್ಕೆ ಬೇಕಾಗುವ ಶಕ್ತಿ. ಇದನ್ನು ಕಿಲೋಕ್ಯಾಲರಿಯಲ್ಲಿ ಹೇಳಲಾಗುತ್ತದೆ. ಈ ಲೇಖನದಲ್ಲಿ ಕ್ಯಾಲರಿ ಎಂದಿರುವಲ್ಲೆಲ್ಲ ಕಿಲೋಕ್ಯಾಲರಿ ಎಂದೇ ಅರ್ಥ.

ಹಿನ್ನೆಲೆ

ಕನ್ನಡ ನಾಡಿನ ಸಾಂಪ್ರದಾಯಿಕ ನಾಯಿ ದುಡಿಯುವ ಪ್ರಾಣಿ. ಬೇಟೆ, ಕುರಿಹಿಂಡಿನ ಕಾವಲು, ಹೊಲ ಮತ್ತು ಕಣದ ಕಾವಲು ಅದರ ಕೆಲಸಗಳಾಗಿದ್ದವು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಬೇಟೆನಾಯಿಗಳ ವಿಷಯಕ್ಕೇ ಮೀಸಲಾದ ಭಾಗವಿದೆ. ಅಥಣಿ ಸೀಮೆಗೆ ಹತ್ತಿರದ ಮುಧೋಳ ತನ್ನ ಹೆಸರಿನ ಬೇಟೆನಾಯಿಗೆ ಪ್ರಸಿದ್ಧವಾಗಿದೆ. ಸಣ್ಣ ನಡು, ಒಳಕ್ಕೆ ಸೆಳೆದ ಹೊಟ್ಟೆ, ಕಂಡೂ ಕಾಣದಂತಿರುವ ಪಕ್ಕೆಲುಬು ಮುಧೋಳ ನಾಯಿಯ ಸಹಜ ಲಕ್ಷಣಗಳು. ಇಂಥ ಮೈಕಟ್ಟನ್ನು ಕಂಡು ನಾಯಿ ಉಪವಾಸವಿದೆ ಎಂದು ತಿಳಿಯುವುದು ಸರಿಯಲ್ಲ.

ಮನೆಯೊಳಗೆ ಸಾಕುವ ಸಣ್ಣ ತಳಿಗಳು ಕರ್ನಾಟಕದಲ್ಲಿ ಹರಡಿದ್ದು ಇತ್ತೀಚೆಗೆ. ಬಿಳಿ ತುಪ್ಪಳದ ಸ್ಪಿಟ್ಜ್ ಮೊದಲು ಊರುಗಳಿಗೆ ಬಂದಿತು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೇಲೆ ಪಗ್ ದೇಶದ ಉದ್ದಗಲಕ್ಕೂ ಬೇಡಿಕೆ ಪಡೆಯಿತು. ಹೊಲದ ನಾಯಿಗೆ ಓಡಾಟ ಹೆಚ್ಚು, ಸಿಗುವ ರೊಟ್ಟಿ ಕಡಿಮೆ. ಮನೆಯ ಸಣ್ಣ ನಾಯಿಗೆ ಓಡಾಟ ಕಡಿಮೆ, ಸಿಗುವ ತಿನಿಸು ಹೆಚ್ಚು. ತೂಕದ ಸಮಸ್ಯೆ ಈ ವ್ಯತ್ಯಾಸದಲ್ಲಿ ಬೇರೂರಿದೆ.

ಬೊಜ್ಜಿನ ಶಾಸ್ತ್ರೀಯ ಅಳತೆಗೆ ಡೊರೊಥಿ ಲಾಫ್ಲಾಮ್ ಅವರು 1997ರಲ್ಲಿ ಪ್ರಕಟಿಸಿದ ಒಂಬತ್ತು ಅಂಕಗಳ ದೇಹಸ್ಥಿತಿ ಪಟ್ಟಿ ಆಧಾರವಾಯಿತು. ಲ್ಯಾಬ್ರಡಾರ್ ನಾಯಿಗಳ ಮೇಲೆ ಜೀವಮಾನವಿಡೀ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅದರಲ್ಲಿ 48 ನಾಯಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25ರಷ್ಟು ಕಡಿಮೆ ಆಹಾರ ಕೊಡಲಾಗಿತ್ತು. ಕಡಿಮೆ ತಿಂದ ಗುಂಪಿನ ಮಧ್ಯಮ ಆಯುಷ್ಯ 13 ವರ್ಷವಾದರೆ, ಹೆಚ್ಚು ತಿಂದ ಗುಂಪಿನದು 11.2 ವರ್ಷ. ಜಾಗತಿಕ ಸಣ್ಣಪ್ರಾಣಿ ಪಶುವೈದ್ಯರ ಸಂಘ 2011ರಲ್ಲಿ ಪೋಷಣೆಯ ಮೌಲ್ಯಮಾಪನದ ಮಾರ್ಗಸೂಚಿ ಹೊರಡಿಸಿ, ಮೈಬಿಸಿ, ನಾಡಿ, ಉಸಿರು ಮತ್ತು ನೋವಿನ ತಪಾಸಣೆಯ ಸಾಲಿಗೆ ಪೋಷಣೆಯ ತಪಾಸಣೆಯನ್ನೂ ಸೇರಿಸಿತು.

ಕಾರಣಗಳು

ತಿಂದ ಶಕ್ತಿ ಖರ್ಚಾದ ಶಕ್ತಿಗಿಂತ ಹೆಚ್ಚಾದಾಗ ಉಳಿದದ್ದು ಕೊಬ್ಬಾಗಿ ಸೇರುತ್ತದೆ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಅಡಗಿರುತ್ತದೆ. ಹೀಗಾಗಿ ದಿನಕ್ಕೆ ಬರೀ 20 ಕ್ಯಾಲರಿ ಹೆಚ್ಚಾದರೂ ಲೆಕ್ಕದ ಪ್ರಕಾರ ಒಂದು ವರ್ಷದಲ್ಲಿ ಸುಮಾರು ಒಂದು ಕಿಲೋ ಏರುತ್ತದೆ. ಅರ್ಧ ಚಹಾಚಮಚ ತುಪ್ಪ ಅಥವಾ ಐದು ಗ್ರಾಂ ಬೆಲ್ಲದ ಚೂರಿನಲ್ಲಿ ಅಷ್ಟು ಶಕ್ತಿ ಇರುತ್ತದೆ. ಐದು ಕಿಲೋ ಇರಬೇಕಾದ ನಾಯಿಗೆ ಈ ಒಂದು ಕಿಲೋ ಶೇ. 20ರಷ್ಟು ಹೆಚ್ಚಳ.

ಮುಖ್ಯ ಕಾರಣಗಳನ್ನು ಹೀಗೆ ವಿಂಗಡಿಸಬಹುದು.

ಆಹಾರ: ಅಳತೆಯಿಲ್ಲದೆ ಹಾಕುವುದು, ತಟ್ಟೆಯನ್ನು ಇಡೀ ದಿನ ತುಂಬಿಡುವುದು, ಮನೆಯ ಪ್ರತಿಯೊಬ್ಬರೂ ಬೇರೆಬೇರೆಯಾಗಿ ತಿನ್ನಿಸುವುದು, ಚಹಾದ ಹೊತ್ತಿಗೆ ಬಿಸ್ಕಿಟ್ಟು, ಊಟದ ಹೊತ್ತಿಗೆ ತುಪ್ಪ ಸವರಿದ ರೊಟ್ಟಿ, ಹಬ್ಬದಲ್ಲಿ ಹೋಳಿಗೆ.

ಚಟುವಟಿಕೆಯ ಕೊರತೆ: ಸರಪಳಿ ಅಥವಾ ಗೂಡಿನಲ್ಲೇ ದಿನ ಕಳೆಯುವುದು, ಬೇಸಿಗೆಯಲ್ಲಿ ನಡಿಗೆ ನಿಂತುಹೋಗುವುದು.

ಸಂತಾನಹರಣ ಶಸ್ತ್ರಚಿಕಿತ್ಸೆ: ಇದರ ನಂತರ ಶಕ್ತಿಯ ಅಗತ್ಯ ತಗ್ಗುತ್ತದೆ, ಹಸಿವು ಹೆಚ್ಚಬಹುದು. ಶಸ್ತ್ರಚಿಕಿತ್ಸೆಯಾದ ಕೂಡಲೆ ಆಹಾರದ ಪ್ರಮಾಣವನ್ನು ಮರುಹೊಂದಿಸಿದರೆ ತೂಕ ಏರುವುದಿಲ್ಲ.

ವಯಸ್ಸು: ವಯಸ್ಸಾದಂತೆ ಓಡಾಟವೂ ಸ್ನಾಯುವೂ ಕಡಿಮೆಯಾಗುತ್ತವೆ. ಆಹಾರ ಮಾತ್ರ ಮೊದಲಿನಷ್ಟೇ ಉಳಿಯುತ್ತದೆ.

ರೋಗ ಮತ್ತು ಔಷಧ: ಥೈರಾಯ್ಡ್ ಗ್ರಂಥಿಯ ಮಂದಗತಿ ಮತ್ತು ಕುಶಿಂಗ್ ರೋಗದಲ್ಲಿ ಮೈ ಊದಿಕೊಳ್ಳಬಹುದು. ಸ್ಟೆರಾಯ್ಡ್ ಮತ್ತು ಮೂರ್ಛೆರೋಗಕ್ಕೆ ಕೊಡುವ ಫಿನೋಬಾರ್ಬಿಟಾಲ್ ಹಸಿವನ್ನು ಹೆಚ್ಚಿಸುತ್ತವೆ.

ಆನುವಂಶಿಕತೆ: 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಹಸಿವನ್ನು ನಿಯಂತ್ರಿಸುವ ಪಿಒಎಂಸಿ ವಂಶವಾಹಿಯಲ್ಲಿನ ಒಂದು ಲೋಪವನ್ನು ಲ್ಯಾಬ್ರಡಾರ್ ನಾಯಿಗಳಲ್ಲಿ ಗುರುತಿಸಿದರು. ಸರಿಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್ ಇದನ್ನು ಹೊತ್ತಿರುತ್ತದೆ. ಕೆಲವು ನಾಯಿಗಳ ತೀರದ ಹಸಿವಿಗೆ ಶಿಸ್ತಿನ ಕೊರತೆಯಲ್ಲದೆ ದೇಹಪ್ರಕೃತಿಯೂ ಕಾರಣವಾಗಿರುತ್ತದೆ ಎಂಬುದಕ್ಕೆ ಇದು ಆಧಾರ ಒದಗಿಸಿತು.

ತಳಿಗಳು ಮತ್ತು ಅವುಗಳ ವಿಶೇಷ ಅಪಾಯಗಳು

ಪಗ್: ಆದರ್ಶ ತೂಕ ಸುಮಾರು 6ರಿಂದ 8 ಕಿಲೋ. ಚಪ್ಪಟೆ ಮುಖದ ತಳಿಯಾದ್ದರಿಂದ ಉಸಿರಾಟದ ಹಾದಿ ಹುಟ್ಟಿನಿಂದಲೇ ಇಕ್ಕಟ್ಟಾಗಿರುತ್ತದೆ. ಗಂಟಲಿನ ಸುತ್ತ ಕೊಬ್ಬು ಸೇರಿದರೆ ಗೊರಕೆ, ಏದುಸಿರು ಹೆಚ್ಚಿ, ಬಿಸಿಲಿನಲ್ಲಿ ಜೀವಕ್ಕೇ ಅಪಾಯವಾಗುತ್ತದೆ.

ಸ್ಪಿಟ್ಜ್ ಮತ್ತು ಪೊಮೆರೇನಿಯನ್: ಅಂತರರಾಷ್ಟ್ರೀಯ ಮಾನದಂಡದ ಪೊಮೆರೇನಿಯನ್ ಸುಮಾರು ಮೂರು ಕಿಲೋ ಒಳಗಿನ ನಾಯಿ. ಕರ್ನಾಟಕದ ಮನೆಗಳಲ್ಲಿ ‘ಪಾಮ್’ ಎಂದು ಕರೆಯಲ್ಪಡುವ ನಾಯಿಗಳಲ್ಲಿ ಹೆಚ್ಚಿನವು ಐದರಿಂದ ಏಳು ಕಿಲೋ ತೂಗುವ ಇಂಡಿಯನ್ ಸ್ಪಿಟ್ಜ್. ವಿದೇಶಿ ಪಟ್ಟಿಯ ಪೊಮೆರೇನಿಯನ್ ತೂಕವನ್ನು ಇವುಗಳ ಗುರಿತೂಕವಾಗಿ ಇಟ್ಟುಕೊಂಡರೆ ನಾಯಿ ಅಪೌಷ್ಟಿಕತೆಗೆ ಬೀಳುತ್ತದೆ. ದಟ್ಟ ತುಪ್ಪಳ ಮೈಯ ಆಕಾರವನ್ನು ಮುಚ್ಚುವುದರಿಂದ ಕೈಯಿಂದ ಮುಟ್ಟಿಯೇ ಅಳೆಯಬೇಕು. ಪೊಮೆರೇನಿಯನ್‌ಗಳಿಗೆ ಶ್ವಾಸನಾಳ ಕುಸಿತ ಮತ್ತು ಮಂಡಿಚಿಪ್ಪು ಜಾರುವಿಕೆ ವಿಶೇಷ ತೊಂದರೆಗಳು.

ಡ್ಯಾಷ್‌ಹುಂಡ್: ಉದ್ದ ಬೆನ್ನು, ಗಿಡ್ಡ ಕಾಲು. ತೂಕ ಹೆಚ್ಚಿದಂತೆ ಬೆನ್ನುಮೂಳೆಯ ಮೇಲಿನ ಭಾರ ಹೆಚ್ಚುತ್ತದೆ. ಈ ತಳಿಯಲ್ಲಿ ಬೆನ್ನುಮೂಳೆಯ ಬಿಲ್ಲೆ ಜರುಗಿ ಹಿಂಗಾಲು ಸೋಲುವ ಪ್ರಕರಣಗಳು ಹೆಚ್ಚು.

ಶಿಟ್ಜು ಮತ್ತು ಲಾಸಾ ಆಪ್ಸೊ: ಶಿಟ್ಜು ಸುಮಾರು 4ರಿಂದ 8 ಕಿಲೋ, ಲಾಸಾ ಸುಮಾರು 5ರಿಂದ 8 ಕಿಲೋ. ಉದ್ದ ಕೂದಲಿನ ಅಡಿಯಲ್ಲಿ ತೂಕ ಏರಿದ್ದು ತಡವಾಗಿ ಗಮನಕ್ಕೆ ಬರುತ್ತದೆ.

ಚಿವಾವಾ: ಮೂರು ಕಿಲೋ ಒಳಗಿನ ತಳಿ. ಊಟ ತಪ್ಪಿದರೆ ರಕ್ತದ ಸಕ್ಕರೆ ಕುಸಿಯುವ ಸಂಭವ ಇರುವುದರಿಂದ ದಿನದ ಆಹಾರವನ್ನು ಮೂರು ನಾಲ್ಕು ಪಾಲು ಮಾಡಿ ಕೊಡಬೇಕು.

ಪರಿಣಾಮಗಳು

ಕೀಲುನೋವು, ಉಸಿರಾಟದ ತೊಂದರೆ, ಚರ್ಮದ ಮಡಿಕೆಗಳಲ್ಲಿ ಸೋಂಕು, ಅರಿವಳಿಕೆಯ ವೇಳೆ ಹೆಚ್ಚಿನ ಅಪಾಯ, ಬಿಸಿಲಾಘಾತ ಇವು ಬೊಜ್ಜಿನ ನೇರ ಪರಿಣಾಮಗಳು. ಕೊಬ್ಬು ಹೆಚ್ಚಿದ ಊಟದಿಂದ ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗಬಹುದು. ಇದು ವಾಂತಿ, ಹೊಟ್ಟೆನೋವುಗಳಿಂದ ಶುರುವಾಗಿ ಪ್ರಾಣಕ್ಕೆ ಎರವಾಗಬಲ್ಲದು.

ಉತ್ತರ ಅಮೆರಿಕದ ಐವತ್ತು ಸಾವಿರಕ್ಕೂ ಹೆಚ್ಚು ನಾಯಿಗಳ ದಾಖಲೆ ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ ಹನ್ನೆರಡು ತಳಿಗಳನ್ನು ಪರಿಶೀಲಿಸಿತು. ಎಲ್ಲ ತಳಿಗಳಲ್ಲೂ ಮಧ್ಯವಯಸ್ಸಿನಲ್ಲಿ ತೂಕ ಹೆಚ್ಚಿದ್ದ ನಾಯಿಗಳ ಆಯುಷ್ಯ ಕಡಿಮೆಯಿತ್ತು. ಗಂಡು ಜರ್ಮನ್ ಶೆಫರ್ಡ್‌ನಲ್ಲಿ ಈ ಅಂತರ ಸುಮಾರು ಐದು ತಿಂಗಳಾದರೆ, ಗಂಡು ಯಾರ್ಕ್‌ಶೈರ್ ಟೆರಿಯರ್‌ನಲ್ಲಿ ಸುಮಾರು ಎರಡೂವರೆ ವರ್ಷ. ಡ್ಯಾಷ್‌ಹುಂಡ್, ಪೊಮೆರೇನಿಯನ್, ಶಿಟ್ಜು, ಚಿವಾವಾ ತಳಿಗಳೂ ಆ ಅಧ್ಯಯನದಲ್ಲಿದ್ದವು.

ತಪಾಸಣೆ ಮತ್ತು ಅಳತೆ

ದೇಹಸ್ಥಿತಿ ಅಂಕ 4 ಮತ್ತು 5 ಆದರ್ಶ. 6 ಮತ್ತು 7 ಅಧಿಕ ತೂಕ. 8 ಮತ್ತು 9 ಬೊಜ್ಜು. 5ರ ಮೇಲಿನ ಪ್ರತಿ ಅಂಕಕ್ಕೆ ಸುಮಾರು ಶೇ. 10ರಷ್ಟು ಹೆಚ್ಚುವರಿ ತೂಕ ಎಂದು ಲೆಕ್ಕ ಹಾಕಲಾಗುತ್ತದೆ.

ಮನೆಯಲ್ಲಿ ಮೂರು ಕಡೆ ನೋಡಬೇಕು. ಮೊದಲನೆಯದು ಪಕ್ಕೆಲುಬು. ಅಂಗೈಯನ್ನು ಚಾಚಿ ಅದರ ಹಿಂಬದಿಯ ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿದಾಗ ತೆಳು ಚರ್ಮದ ಅಡಿಯಲ್ಲಿ ಎಲುಬು ತಗಲುವಂತೆ ನಾಯಿಯ ಪಕ್ಕೆಲುಬು ತಗಲಿದರೆ ಸ್ಥಿತಿ ಸರಿಯಾಗಿದೆ. ಒತ್ತಿ ಹುಡುಕಬೇಕಾದರೆ ಕೊಬ್ಬು ಹೆಚ್ಚಿದೆ. ಎರಡನೆಯದು ನಡು. ನಾಯಿಯನ್ನು ನಿಲ್ಲಿಸಿ ಮೇಲಿನಿಂದ ನೋಡಿದಾಗ ಪಕ್ಕೆಲುಬಿನ ಹಿಂದೆ ನಡು ಒಳಸರಿದಿರಬೇಕು. ಮೂರನೆಯದು ಹೊಟ್ಟೆಯ ಗೆರೆ. ಪಕ್ಕದಿಂದ ನೋಡಿದಾಗ ಎದೆಯಿಂದ ಹಿಂಗಾಲಿನ ಕಡೆಗೆ ಹೊಟ್ಟೆ ಮೇಲಕ್ಕೆ ಏರಿರಬೇಕು. ಇದರೊಂದಿಗೆ ಬೆನ್ನು, ತೊಡೆ ಮತ್ತು ತಲೆಯ ಸ್ನಾಯುಗಳನ್ನೂ ಮುಟ್ಟಿ ನೋಡಬೇಕು. ವಯಸ್ಸಾದ ನಾಯಿಯಲ್ಲಿ ಹೊಟ್ಟೆ ದಪ್ಪವಿದ್ದೂ ಬೆನ್ನಿನ ಸ್ನಾಯು ಸವೆದಿರಬಹುದು.

ಹೊಟ್ಟೆ ಮಾತ್ರ ಬೇಗನೆ ಉಬ್ಬಿದ್ದರೆ ಅದು ಬೊಜ್ಜಲ್ಲದೆ ಗರ್ಭ, ನೀರು ತುಂಬಿಕೊಳ್ಳುವಿಕೆ, ಗಡ್ಡೆ ಅಥವಾ ಜಂತು ಆಗಿರಬಹುದು. ಅತಿಯಾದ ಬಾಯಾರಿಕೆ, ಪಕ್ಕೆಗಳ ಮೇಲೆ ಎರಡೂ ಬದಿ ಕೂದಲುದುರುವಿಕೆ, ಸದಾ ಮಂಕು ಇದ್ದರೆ ರಕ್ತಪರೀಕ್ಷೆ ಅಗತ್ಯ. ತೂಕ ಇಳಿಸುವ ಕ್ರಮ ಪಶುವೈದ್ಯರ ತಪಾಸಣೆಯ ನಂತರವೇ ಆರಂಭವಾಗಬೇಕು. ಮರಿಗಳು, ಗಬ್ಬದ ಮತ್ತು ಹಾಲುಣಿಸುವ ತಾಯಿನಾಯಿಗಳು ಇದಕ್ಕೆ ಒಳಪಡುವುದಿಲ್ಲ.

ಶಕ್ತಿಯ ಲೆಕ್ಕ

ವಿಶ್ರಾಂತಿ ಶಕ್ತಿ ಅಗತ್ಯವನ್ನು, ಕಿಲೋದಲ್ಲಿರುವ ತೂಕವನ್ನು 0.75ರ ಘಾತಕ್ಕೆ ಏರಿಸಿ 70ರಿಂದ ಗುಣಿಸಿ ಪಡೆಯಲಾಗುತ್ತದೆ. ತೂಕ ಇಳಿಸುವಾಗ ನಾಯಿಯ ಈಗಿನ ತೂಕದ ಬದಲು ಗುರಿತೂಕವನ್ನು ಬಳಸಿ, ಬಂದ ಮೊತ್ತವನ್ನೇ ಆರಂಭದ ದಿನದ ಆಹಾರವಾಗಿ ಇಡುವುದು ವಾಡಿಕೆ.

ಗುರಿತೂಕ 4 ಕಿಲೋ: ದಿನಕ್ಕೆ ಸುಮಾರು 200 ಕ್ಯಾಲರಿ
ಗುರಿತೂಕ 5 ಕಿಲೋ: ಸುಮಾರು 235 ಕ್ಯಾಲರಿ
ಗುರಿತೂಕ 6 ಕಿಲೋ: ಸುಮಾರು 270 ಕ್ಯಾಲರಿ
ಗುರಿತೂಕ 8 ಕಿಲೋ: ಸುಮಾರು 335 ಕ್ಯಾಲರಿ
ಗುರಿತೂಕ 10 ಕಿಲೋ: ಸುಮಾರು 395 ಕ್ಯಾಲರಿ

ಉದಾಹರಣೆಗೆ, 8 ಕಿಲೋ ತೂಗುವ, ದೇಹಸ್ಥಿತಿ ಅಂಕ 8 ಇರುವ ಸ್ಪಿಟ್ಜ್ ತೆಗೆದುಕೊಳ್ಳಬಹುದು. ಅದರ ತೂಕ ಸುಮಾರು ಶೇ. 30ರಷ್ಟು ಹೆಚ್ಚಿದೆ. 8ನ್ನು 1.3ರಿಂದ ಭಾಗಿಸಿದರೆ ಗುರಿತೂಕ ಸುಮಾರು 6 ಕಿಲೋ. ದಿನದ ಆಹಾರ 270 ಕ್ಯಾಲರಿ. ಇದರಲ್ಲಿ ತಿನಿಸಿನ ಪಾಲು ಶೇ. 10 ಮೀರಬಾರದು, ಅಂದರೆ 27 ಕ್ಯಾಲರಿ. ಉಳಿದ ಸುಮಾರು 240 ಕ್ಯಾಲರಿ ಊಟಕ್ಕೆ. ಪಾಕೀಟಿನ ಆಹಾರದಲ್ಲಿ 100 ಗ್ರಾಂಗೆ 350 ಕ್ಯಾಲರಿ ಇದ್ದರೆ ದಿನಕ್ಕೆ ಸುಮಾರು 69 ಗ್ರಾಂ ಸಾಕು.

ವಾರಕ್ಕೆ ಮೈತೂಕದ ಶೇ. 1ರಿಂದ 2ರಷ್ಟು ಇಳಿಯುವುದು ಸುರಕ್ಷಿತ ವೇಗ. ಮೇಲಿನ ನಾಯಿಗೆ ಮೊದಲ ವಾರ 80ರಿಂದ 160 ಗ್ರಾಂ. ಈ ವೇಗದಲ್ಲಿ 6 ಕಿಲೋ ತಲುಪಲು ಸುಮಾರು ಮೂರೂವರೆಯಿಂದ ಏಳು ತಿಂಗಳು ಹಿಡಿಯುತ್ತದೆ. ಉಪವಾಸ ಕೆಡವಿ ಬೇಗ ಇಳಿಸಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ.

ಆಹಾರಕ್ರಮ

ಸ್ಥಳೀಯ ಪದಾರ್ಥಗಳ ಶಕ್ತಿ: ಅಥಣಿ ಸೀಮೆಯ ಅಡುಗೆಮನೆಯ ಪದಾರ್ಥಗಳನ್ನು 6 ಕಿಲೋ ಗುರಿತೂಕದ ನಾಯಿಯ 270 ಕ್ಯಾಲರಿಯ ಮಿತಿಯೊಂದಿಗೆ ಹೋಲಿಸಿದರೆ ಅಳತೆಯ ಮಹತ್ವ ಸ್ಪಷ್ಟವಾಗುತ್ತದೆ.

ಎಮ್ಮೆಯ ಹಾಲು, 200 ಮಿಲಿ ಲೀಟರ್: 200ಕ್ಕೂ ಹೆಚ್ಚು ಕ್ಯಾಲರಿ
ಜೋಳದ ರೊಟ್ಟಿ, 50 ಗ್ರಾಂ ಹಿಟ್ಟಿನದು: ಸುಮಾರು 165
ಗ್ಲುಕೋಸ್ ಬಿಸ್ಕಿಟ್ಟು, 25 ಗ್ರಾಂ: ಸುಮಾರು 110
ಬೇಯಿಸಿದ ಕೋಳಿಮೊಟ್ಟೆ, ಒಂದು: ಸುಮಾರು 75
ಶೇಂಗಾ, 10 ಗ್ರಾಂ: ಸುಮಾರು 55
ತುಪ್ಪ, ಒಂದು ಚಹಾಚಮಚ: ಸುಮಾರು 45
ಬೆಲ್ಲ, 10 ಗ್ರಾಂ: ಸುಮಾರು 38
ಗಜ್ಜರಿ, 100 ಗ್ರಾಂ: 35ರಿಂದ 40
ಬೀನ್ಸ್, 100 ಗ್ರಾಂ: ಸುಮಾರು 30
ಸೌತೆಕಾಯಿ ಅಥವಾ ಸೋರೆಕಾಯಿ, 100 ಗ್ರಾಂ: ಸುಮಾರು 15

ಒಂದು ಬಟ್ಟಲು ಎಮ್ಮೆಯ ಹಾಲು ಇಂಥ ನಾಯಿಯ ದಿನದ ಪಾಲಿನ ಮುಕ್ಕಾಲು ಭಾಗವನ್ನು ತಾನೇ ತುಂಬಿಬಿಡುತ್ತದೆ. ಹೈನುಗಾರಿಕೆಯ ಮನೆಗಳಲ್ಲಿ ಹಿಂಡುವ ಹೊತ್ತಿಗೆ ನಾಯಿಗೂ ಹಾಲು ಹಾಕುವ ರೂಢಿ ಇದ್ದರೆ, ತೂಕ ಇಳಿಸುವಾಗ ಮೊದಲು ನಿಲ್ಲಿಸಬೇಕಾದದ್ದು ಅದನ್ನೇ. ಬೆಳೆದ ನಾಯಿಗೆ ಹಾಲು ಅನಿವಾರ್ಯವಲ್ಲ. ಅನೇಕ ನಾಯಿಗಳಿಗೆ ಅದರಿಂದ ಭೇದಿಯೂ ಆಗುತ್ತದೆ. ಕುಡಿಯಲು ಶುದ್ಧ ನೀರು ಸದಾ ಇರಬೇಕು. ನೀರಿಗೆ ಯಾವ ಮಿತಿಯೂ ಇಲ್ಲ.

ಚಿಕಿತ್ಸಾ ಆಹಾರ: ತೂಕ ಇಳಿಕೆಗೆಂದೇ ತಯಾರಾದ ಆಹಾರದಲ್ಲಿ ಪ್ರೋಟೀನು ಮತ್ತು ನಾರು ಹೆಚ್ಚಿರುತ್ತವೆ, ಕೊಬ್ಬು ಕಡಿಮೆಯಿರುತ್ತದೆ. ವಿಟಮಿನ್, ಖನಿಜಗಳನ್ನೂ ಹೆಚ್ಚಿಸಲಾಗಿರುತ್ತದೆ. ಸಾಮಾನ್ಯ ಆಹಾರವನ್ನೇ ತೀರ ಕಡಿಮೆ ಮಾಡಿದರೆ ಕ್ಯಾಲರಿಯ ಜೊತೆಗೆ ಈ ಪೋಷಕಾಂಶಗಳೂ ಕಡಿಮೆಯಾಗುತ್ತವೆ. ಹಳೆಯ ಆಹಾರದಿಂದ ಹೊಸದಕ್ಕೆ ಏಳರಿಂದ ಹತ್ತು ದಿನಗಳಲ್ಲಿ ಹಂತಹಂತವಾಗಿ ಬದಲಾಗಬೇಕು.

ಮನೆಯ ಆಹಾರ: ಚರ್ಮ ತೆಗೆದು ಬೇಯಿಸಿದ ಕೋಳಿಮಾಂಸ ಅಥವಾ ಮೊಟ್ಟೆ, ಅಳತೆಯ ರೊಟ್ಟಿ ಅಥವಾ ಅನ್ನ, ಬೇಯಿಸಿದ ಸೋರೆಕಾಯಿ, ಹೀರೆಕಾಯಿ, ಕುಂಬಳಕಾಯಿ, ಬೀನ್ಸ್ ಇವು ಮೂಲ ಪದಾರ್ಥಗಳು. ಎಣ್ಣೆ, ಒಗ್ಗರಣೆ, ಖಾರ ಹಾಕಬಾರದು. ತರಕಾರಿ ಸೇರಿಸಿದರೆ ಕ್ಯಾಲರಿ ಏರದೆ ಬಟ್ಟಲು ತುಂಬುತ್ತದೆ, ನಾಯಿಯ ಹಸಿವೂ ತಣಿಯುತ್ತದೆ. ಮಾಂಸ ಮತ್ತು ರೊಟ್ಟಿಯ ಊಟದಲ್ಲಿ ಸುಣ್ಣದ ಅಂಶ ಮುಂತಾದವು ಸಾಲವು. ಹೀಗಾಗಿ ತಿಂಗಳುಗಟ್ಟಲೆ ಮನೆಯ ಆಹಾರವೊಂದನ್ನೇ ಕೊಡುವವರು ಪೂರಕಗಳನ್ನು ಪಶುವೈದ್ಯರಿಂದ ಬರೆಸಿಕೊಳ್ಳಬೇಕು. ಮಾಂಸ ಬಳಸದ ಮನೆಗಳಲ್ಲಿ ಪ್ರೋಟೀನು ಸಾಲದೆ ಬರುವ ಸಂಭವ ಹೆಚ್ಚಿರುವುದರಿಂದ, ಅಂಥಲ್ಲಿ ತಯಾರಿಸಿದ ಸಂಪೂರ್ಣ ಆಹಾರ ಹೆಚ್ಚು ಅನುಕೂಲ.

ಹಂಚಿಕೆ: ದಿನದ ಇಡೀ ಪಾಲನ್ನು ಬೆಳಿಗ್ಗೆಯೇ ತೂಗಿ ಒಂದು ಡಬ್ಬಿಯಲ್ಲಿಟ್ಟು, ಎರಡು ಮೂರು ಊಟವೂ ನಡುವಿನ ತಿನಿಸೂ ಅದರಿಂದಲೇ ಹೋಗುವಂತೆ ಮಾಡುವುದು ಸರಳ ವಿಧಾನ. ಅವಿಭಕ್ತ ಕುಟುಂಬಗಳಲ್ಲಿ ಇದು ವಿಶೇಷವಾಗಿ ಉಪಯುಕ್ತ. ಅಜ್ಜಿ ಕೊಟ್ಟಿದ್ದು ಮೊಮ್ಮಗನಿಗೆ ಗೊತ್ತಿಲ್ಲದಿದ್ದರೂ ಡಬ್ಬಿ ಖಾಲಿಯಾದರೆ ಆ ದಿನದ ಪಾಲು ಮುಗಿದಂತೆ. ಲೋಟ ಅಥವಾ ಹಿಡಿಯ ಅಳತೆಯಲ್ಲಿ ವ್ಯತ್ಯಾಸ ಬರುವುದರಿಂದ ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯೇ ನಂಬಿಕೆಗೆ ಅರ್ಹ.

ಬೇಡುವ ನಾಯಿ: ಊಟದ ಪಂಕ್ತಿಯ ಹತ್ತಿರ ಕೂತು ಬೇಡುವುದು ಹಸಿವಿನಿಂದಲೇ ಆಗಬೇಕೆಂದಿಲ್ಲ. ಹಿಂದೆ ಸಿಕ್ಕಿದ ತುತ್ತು ಕಲಿಸಿದ ಅಭ್ಯಾಸವೂ ಆಗಿರುತ್ತದೆ. ಮನೆಯವರ ಊಟದ ಹೊತ್ತಿಗೆ ನಾಯಿಯನ್ನು ಬೇರೆ ಕೋಣೆಯಲ್ಲಿರಿಸುವುದು, ತುತ್ತಿನ ಬದಲು ಮೈದಡವುವುದು, ಆಟವಾಡಿಸುವುದು, ಸೌತೆಕಾಯಿಯ ಸಣ್ಣ ಚೂರು ಕೊಡುವುದು ಪರಿಹಾರಗಳು. ಒಮ್ಮೆ ಬಿಟ್ಟು ಒಮ್ಮೆ ಕೊಟ್ಟರೆ ಬೇಡುವ ಅಭ್ಯಾಸ ಇನ್ನಷ್ಟು ಗಟ್ಟಿಯಾಗುತ್ತದೆ.

ಕೊಡಬಾರದ ಪದಾರ್ಥಗಳು

ದ್ರಾಕ್ಷಿ ಮತ್ತು ಒಣದ್ರಾಕ್ಷಿ: ಐಗಳಿ, ತೆಲಸಂಗ ಭಾಗ ದ್ರಾಕ್ಷಿ ಬೆಳೆಯುವ ಸೀಮೆಯಾದ್ದರಿಂದ ಈ ಎಚ್ಚರಿಕೆಗೆ ಇಲ್ಲಿ ಮೊದಲ ಸ್ಥಾನ. ದ್ರಾಕ್ಷಿ ನಾಯಿಗಳ ಮೂತ್ರಪಿಂಡಕ್ಕೆ ವಿಷ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಿಂದೀಚೆಗೆ ಪಶುವೈದ್ಯರು ಗುರುತಿಸಿದ್ದಾರೆ. ಇಷ್ಟು ತಿಂದರೆ ತೊಂದರೆಯಿಲ್ಲ ಎನ್ನುವ ಸುರಕ್ಷಿತ ಮಿತಿ ಇಲ್ಲ. ಸಣ್ಣ ನಾಯಿಗೆ ಕೆಲವೇ ಹಣ್ಣು ಸಾಕಾಗಬಹುದು. ಒಣದ್ರಾಕ್ಷಿ ಶೆಡ್ಡುಗಳಲ್ಲಿ ಬಲೆಯ ಅಂತಸ್ತುಗಳ ಮೇಲೆ ಒಣಹಾಕಿದ ಹಣ್ಣು ಕೆಳಗೆ ಉದುರಿರುತ್ತದೆ. ಹಸಿದ, ಆಹಾರ ಮಿತಿಯಲ್ಲಿರುವ ನಾಯಿ ಅದನ್ನು ಹೆಕ್ಕಿ ತಿನ್ನುವ ಸಂಭವ ಹೆಚ್ಚು. ಶೆಡ್ಡಿನ ಸುತ್ತ ನಡಿಗೆಗೆ ಒಯ್ಯುವಾಗ ಹಗ್ಗ ಬಿಡಬಾರದು. ತಿಂದದ್ದು ಕಂಡರೆ ವಾಂತಿ, ಮಂಕು ಕಾಣಿಸಿಕೊಳ್ಳುವವರೆಗೆ ಕಾಯದೆ ಕೂಡಲೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಸಜ್ಜಕ, ಪಾಯಸ, ಲಾಡುಗಳಲ್ಲಿನ ಒಣದ್ರಾಕ್ಷಿಗೂ ಇದೇ ಎಚ್ಚರ. ಟಾರ್ಟಾರಿಕ್ ಆಮ್ಲ ಹೇರಳವಾಗಿರುವ ಹುಣಸೆಯನ್ನೂ ಕೊಡಬಾರದು.

ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿ: ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ. ಇವು ಬೆರೆತ ಪಲ್ಯ, ಸಾರುಗಳೂ ವರ್ಜ್ಯ.

ಚಾಕೊಲೇಟ್ ಮತ್ತು ಸಕ್ಕರೆರಹಿತ ಚ್ಯೂಯಿಂಗ್ ಗಮ್: ಚಾಕೊಲೇಟಿನ ಥಿಯೋಬ್ರೋಮಿನ್ ಹೃದಯಕ್ಕೂ ನರಮಂಡಲಕ್ಕೂ ಅಪಾಯಕಾರಿ. ಸಕ್ಕರೆಯ ಬದಲಿಗೆ ಬಳಸುವ ಕ್ಸೈಲಿಟಾಲ್ ರಕ್ತದ ಸಕ್ಕರೆಯನ್ನು ತಟ್ಟನೆ ಇಳಿಸುತ್ತದೆ. ತೂಕ ಇಳಿಸುವ ನೆಪದಲ್ಲಿ ‘ಶುಗರ್ ಫ್ರೀ’ ತಿನಿಸು ಕೊಡುವುದು ಪ್ರಾಣಾಂತಿಕವಾಗಬಹುದು.

ಬೇಯಿಸಿದ ಎಲುಬು: ಚೂಪಾಗಿ ಸೀಳಿ ಕರುಳಿಗೆ ಚುಚ್ಚಿಕೊಳ್ಳುತ್ತದೆ.

ವ್ಯಾಯಾಮ

ತೂಕ ಇಳಿಕೆಯಲ್ಲಿ ಆಹಾರದ ಪಾಲೇ ದೊಡ್ಡದು. ವ್ಯಾಯಾಮ ಸ್ನಾಯುವನ್ನು ಉಳಿಸಿ, ಕೀಲುಗಳನ್ನು ಸಡಿಲವಾಗಿಟ್ಟು, ಇಳಿದ ತೂಕ ಮತ್ತೆ ಏರದಂತೆ ತಡೆಯುತ್ತದೆ. ಬೊಜ್ಜಿನ ನಾಯಿಗೆ ಆರಂಭದಲ್ಲಿ ದಿನಕ್ಕೆ ಎರಡು ಸಲ ಐದರಿಂದ ಹತ್ತು ನಿಮಿಷ ನಡಿಗೆ ಸಾಕು. ನಾಯಿ ಏದುಸಿರು ಬಿಡದೆ ನಡೆಯುವಂತಾದ ಮೇಲೆ ಪ್ರತಿ ವಾರ ಕೆಲವು ನಿಮಿಷ ಹೆಚ್ಚಿಸಬೇಕು.

ಅಥಣಿ ಸೀಮೆಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಹೋಗುತ್ತದೆ. ಆ ದಿನಗಳಲ್ಲಿ ಸೂರ್ಯೋದಯದ ಮುಂಚೆ ಮತ್ತು ರಾತ್ರಿ ನೆಲ ತಣಿದ ಮೇಲೆ ಮಾತ್ರ ಹೊರಗೆ ಒಯ್ಯಬೇಕು. ಡಾಂಬರು ಅಥವಾ ಕಾಂಕ್ರೀಟ್ ರಸ್ತೆಯ ಮೇಲೆ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸುಡುತ್ತದೆ. ಜೋರಾದ ಏದುಸಿರು, ಕಡುಗೆಂಪು ನಾಲಿಗೆ, ತೂರಾಟ ಬಿಸಿಲಾಘಾತದ ಚಿಹ್ನೆಗಳು. ನಾಯಿಯನ್ನು ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು. ಮಳೆಗಾಲದಲ್ಲಿ ಎರೆಹೊಲದ ಕೆಸರಿನ ಬದಲು ಮನೆಯ ಪಡಸಾಲೆಯಲ್ಲೇ ಚೆಂಡಿನ ಆಟ ಆಡಿಸಬಹುದು.

ಕೊರಳಪಟ್ಟಿಗಿಂತ ಎದೆಪಟ್ಟಿ ಒಳ್ಳೆಯದು. ಶ್ವಾಸನಾಳ ಮೃದುವಾಗಿರುವ ಸಣ್ಣ ತಳಿಗಳಿಗೆ ಕೊರಳ ಮೇಲಿನ ಎಳೆತ ಕೆಮ್ಮು ತರುತ್ತದೆ. ಡ್ಯಾಷ್‌ಹುಂಡನ್ನು ಮೆಟ್ಟಿಲು ಹತ್ತಿಸುವುದು, ಎತ್ತರದಿಂದ ಜಿಗಿಸುವುದು ಸಲ್ಲದು. ಕೀಲುನೋವಿರುವ ನಾಯಿಗೆ ಮೊದಲು ನೋವಿನ ಚಿಕಿತ್ಸೆ ಆಗಬೇಕು. ಮನುಷ್ಯರ ನೋವಿನ ಮಾತ್ರೆಗಳನ್ನು ನಾಯಿಗೆ ಕೊಡಬಾರದು.

ತೂಕದ ದಾಖಲೆ

ಎರಡು ವಾರಕ್ಕೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಗಿನ ಊಟದ ಮುಂಚೆ ತೂಗಿ ದಿನಾಂಕದೊಂದಿಗೆ ಬರೆದಿಡಬೇಕು. ನಾಯಿಯನ್ನು ಎತ್ತಿಕೊಂಡು ಮನುಷ್ಯರ ತೂಕದ ಯಂತ್ರದ ಮೇಲೆ ನಿಂತು, ತಮ್ಮ ತೂಕ ಕಳೆಯುವುದು ರೂಢಿಯ ವಿಧಾನ. ಆದರೆ ಅಂಥ ಯಂತ್ರದ ಸೂಕ್ಷ್ಮತೆ ಸಾಮಾನ್ಯವಾಗಿ 100 ಗ್ರಾಂ. ಆರು ಕಿಲೋ ನಾಯಿ ವಾರಕ್ಕೆ ಇಳಿಯಬೇಕಾದದ್ದು ಅದಕ್ಕಿಂತ ಕಡಿಮೆ, 60 ಗ್ರಾಂ ಇರಬಹುದು. ಆದ್ದರಿಂದ ಕಿರಾಣಿ ಅಂಗಡಿಯಲ್ಲಿರುವಂಥ ಇಲೆಕ್ಟ್ರಾನಿಕ್ ಕಾಟಾ ಸಣ್ಣ ನಾಯಿಗೆ ಹೆಚ್ಚು ಸರಿ. ಅದರ ಮೇಲೆ ಒಂದು ಬುಟ್ಟಿಯಿಟ್ಟು ಸೊನ್ನೆಗೆ ತಂದು, ನಾಯಿಯನ್ನು ಬುಟ್ಟಿಯಲ್ಲಿ ಕೂರಿಸಿದರೆ ಅಂಕಿ ನಿಖರವಾಗಿ ಸಿಗುತ್ತದೆ.

ನಾಲ್ಕು ವಾರ ಕಳೆದರೂ ತೂಕ ಇಳಿಯದಿದ್ದರೆ ಮೊದಲು ಲೆಕ್ಕಕ್ಕೆ ಬಾರದ ತುತ್ತುಗಳನ್ನು ಹುಡುಕಬೇಕು. ಬೆಕ್ಕಿನ ಬಟ್ಟಲು, ಕೋಳಿಗೆ ಚೆಲ್ಲಿದ ಕಾಳು, ದನದ ಹಿಂಡಿ, ನೆರೆಮನೆಯ ರೊಟ್ಟಿ ಸಾಮಾನ್ಯ ಮೂಲಗಳು. ಅವೂ ಇಲ್ಲದಿದ್ದರೆ ವೈದ್ಯರ ಸಲಹೆಯಂತೆ ಆಹಾರವನ್ನು ಶೇ. 5ರಿಂದ 10ರಷ್ಟು ಕಡಿಮೆ ಮಾಡಿ, ಥೈರಾಯ್ಡ್ ಮುಂತಾದ ಪರೀಕ್ಷೆ ಮಾಡಿಸಬೇಕು. ವಾರಕ್ಕೆ ಶೇ. 2ಕ್ಕಿಂತ ವೇಗವಾಗಿ ಇಳಿಯುತ್ತಿದ್ದರೆ ಆಹಾರ ಹೆಚ್ಚಿಸಬೇಕು. ನಾಯಿ ಊಟವನ್ನೇ ಬಿಟ್ಟರೆ ಅದನ್ನು ತೂಕ ಇಳಿಕೆಯ ಯಶಸ್ಸೆಂದು ತಿಳಿಯದೆ ರೋಗದ ಚಿಹ್ನೆಯೆಂದು ಪರಿಗಣಿಸಬೇಕು.

ಔಷಧಗಳು

ನಾಯಿಗಳ ಬೊಜ್ಜಿಗೆ ಮೊದಲ ಔಷಧವಾಗಿ ಡಿರ್ಲೊಟಪೈಡ್‌ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2007ರಲ್ಲಿ ಒಪ್ಪಿಗೆ ನೀಡಿತು. ಅದು ಕೊಬ್ಬು ಹೀರಿಕೊಳ್ಳುವುದನ್ನು ತಡೆದು ಹಸಿವನ್ನು ತಗ್ಗಿಸುತ್ತಿತ್ತು. ಔಷಧ ನಿಲ್ಲಿಸಿದಾಗ ಹಸಿವು ಮರಳುತ್ತಿತ್ತು. ಮುಂದೆ ಅದು ಮಾರುಕಟ್ಟೆಯಿಂದ ಮರೆಯಾಯಿತು. ಮನುಷ್ಯರ ತೂಕ ಇಳಿಸುವ ಔಷಧಗಳನ್ನು ಮನೆಯವರೇ ನಾಯಿಗೆ ಕೊಡುವುದು ಅಪಾಯಕಾರಿ. ಅಳೆದ ಆಹಾರವೇ ಇಂದಿಗೂ ಚಿಕಿತ್ಸೆಯ ಆಧಾರ.

ತೂಕ ಉಳಿಸಿಕೊಳ್ಳುವಿಕೆ

ಗುರಿತೂಕ ತಲುಪಿದ ಮೇಲೆ ಹಳೆಯ ಪ್ರಮಾಣಕ್ಕೆ ಮರಳಿದರೆ ಕೊಬ್ಬು ಮತ್ತೆ ಸೇರುತ್ತದೆ. ತೂಕ ಇಳಿದ ನಾಯಿಯ ಶಕ್ತಿಯ ಅಗತ್ಯ ಮೊದಲಿಗಿಂತ ಕಡಿಮೆಯಿರುತ್ತದೆ. ಆಹಾರವನ್ನು ಎರಡು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಹೆಚ್ಚಿಸುತ್ತ, ತೂಕ ಏರದೆ ಇಳಿಯದೆ ನಿಲ್ಲುವ ಪ್ರಮಾಣವನ್ನು ಕಂಡುಕೊಳ್ಳಬೇಕು. ಆಮೇಲೂ ತಿಂಗಳಿಗೊಮ್ಮೆ ತೂಗಬೇಕು. ಗುರಿತೂಕಕ್ಕಿಂತ ಶೇ. 5ರಷ್ಟು ಏರಿದ ಕೂಡಲೆ ಪ್ರಮಾಣ ಸರಿಪಡಿಸಿದರೆ ಇಡೀ ಕ್ರಮವನ್ನು ಮತ್ತೆ ಮೊದಲಿನಿಂದ ನಡೆಸಬೇಕಾಗುವುದಿಲ್ಲ.

ಪ್ರಸ್ತುತ ಸ್ಥಿತಿ

ಕರ್ನಾಟಕದಲ್ಲಿ ಪಶುವೈದ್ಯಕೀಯ ಶಿಕ್ಷಣವನ್ನು ಬೀದರಿನಲ್ಲಿ ಕೇಂದ್ರಸ್ಥಾನವಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುತ್ತದೆ. 1958ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯ ಇದರ ಹಿರಿಯ ಸಂಸ್ಥೆ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಥಣಿ ತಾಲೂಕಿನ ಕೊಕಟನೂರಿನಲ್ಲಿಯೂ ಪಶುವೈದ್ಯಕೀಯ ಮಹಾವಿದ್ಯಾಲಯ ರೂಪುಗೊಂಡಿದೆ.

ಹಳ್ಳಿ ಮತ್ತು ಹೋಬಳಿಗಳ ಸರಕಾರಿ ಪಶು ಆಸ್ಪತ್ರೆಗಳಲ್ಲಿ ಎಮ್ಮೆ, ಆಕಳು, ಆಡು, ಕುರಿಗಳ ಚಿಕಿತ್ಸೆಯೇ ಪ್ರಧಾನ. ನಾಯಿಗಳು ಅಲ್ಲಿಗೆ ಬರುವುದು ಹೆಚ್ಚಾಗಿ ರೇಬೀಸ್ ಲಸಿಕೆಗೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಲಸಿಕಾ ಶಿಬಿರಗಳು ನಡೆಯುತ್ತವೆ. ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವಾಗಲೇ ತೂಕ ಮತ್ತು ದೇಹಸ್ಥಿತಿ ಅಂಕವನ್ನು ಲಸಿಕೆಯ ಕಾರ್ಡಿನಲ್ಲಿ ಬರೆಸಿಕೊಂಡರೆ, ತೂಕ ಏರುತ್ತಿರುವುದು ಬೊಜ್ಜಿನ ಹಂತ ಮುಟ್ಟುವ ಮುಂಚೆಯೇ ತಿಳಿಯುತ್ತದೆ. ತುರ್ತು ಸಂದರ್ಭಗಳಿಗೆ ರಾಜ್ಯದ ಸಂಚಾರಿ ಪಶು ಚಿಕಿತ್ಸಾ ಸೇವೆಯನ್ನು 1962 ಸಂಖ್ಯೆಯ ಮೂಲಕ ಸಂಪರ್ಕಿಸಬಹುದು. ಥೈರಾಯ್ಡ್‌ನಂಥ ವಿಶೇಷ ರಕ್ತಪರೀಕ್ಷೆ ಬೇಕಾದವರಿಗೆ ಬೆಳಗಾವಿ, ವಿಜಯಪುರ ಮತ್ತು ಗಡಿಯಾಚೆಯ ಮಿರಜ್–ಸಾಂಗ್ಲಿ ಹತ್ತಿರದ ದೊಡ್ಡ ಊರುಗಳು. ಚಿಕಿತ್ಸೆಯ ಉಳಿದ ಭಾಗಕ್ಕೆ ಬೇಕಾದದ್ದು ಗ್ರಾಂ ತೋರಿಸುವ ಒಂದು ತಕ್ಕಡಿ, ಒಂದು ಡಬ್ಬಿ, ಒಂದು ವಹಿ ಮತ್ತು ಮನೆಯ ಎಲ್ಲರ ಒಮ್ಮತ. ಇವು ಐಗಳಿಯಂಥ ಊರಿನ ಯಾವ ಮನೆಗೂ ನಿಲುಕುತ್ತವೆ.